ಒಂದೇ ಸುಗ್ಗಿಯ ಕಸುವು

ಸಂಕರ ಹತ್ತಿಯ ಕಾಳನ್ನು ಮರುವರ್ಷಕ್ಕೆಂದು ಎತ್ತಿಟ್ಟು ಬಿತ್ತಿದ ಹೊಲವನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಹೋದ ವರ್ಷ ಅಳೆದು ನಿಲ್ಲಿಸಿದ ಹಾಗೆ ಒಂದೇ ಎತ್ತರ, ಒಂದೇ ಮೈಕಟ್ಟಿನಲ್ಲಿ ನಿಂತಿದ್ದ ಪೈರಿನ ಮಕ್ಕಳು ಇವೇ ಎಂದರೆ ನಂಬಿಕೆ ಬಾರದು. ಒಂದು ಗಿಡ ಎದೆಮಟ್ಟ ಬೆಳೆದೂ ಕಾಯಿ ಕಟ್ಟದೆ ನಿಂತಿರುತ್ತದೆ. ಅದರ ಪಕ್ಕದ್ದು ಮೊಣಕಾಲಿನವರೆಗೆ ಬಂದು ಅಲ್ಲಿಗೇ ಮುಗಿಸಿರುತ್ತದೆ. ಒಂದರ ಹೂವು ಕೆನೆಬಣ್ಣ, ಇನ್ನೊಂದರದು ಅರಿಸಿನ. ಒಂದರ ಎಳೆ ನೀಳ, ಮತ್ತೊಂದರದು ಗಿಡ್ಡ, ಮೂರನೆಯದರಲ್ಲಿ ಕಾಳಿಗೆ ಅಂಟಿದ ನಾಲ್ಕು ನೂಲು ಬಿಟ್ಟರೆ ಏನೂ ಇಲ್ಲ. ಅದೇ ಎರೆಮಣ್ಣು, ಅದೇ ಮಳೆ, ಅದೇ ಕೂರಿಗೆ. ಕಾಳಿನಲ್ಲಿ ಇದ್ದದ್ದು ಎಲ್ಲಿಗೆ ಹೋಯಿತು?

ರೈತ ಇದಕ್ಕೆ ಸರಳವಾಗಿ ಹೇಳುತ್ತಾನೆ: ಹೈಬ್ರಿಡ್ ಅಂದ್ರೆ ಅಷ್ಟೇ, ವರ್ಷಾ ವರ್ಷಾ ಹೊಸ ಬೀಜ ತರಬೇಕು. ಆ ಮಾತಿನಲ್ಲಿ ಅಂಗಡಿಯ ಲೆಕ್ಕವಿದೆ, ಸಾಲದ ಲೆಕ್ಕವೂ ಇದೆ. ನನಗೆ ಅದರೊಳಗೆ ಇನ್ನೊಂದು ಲೆಕ್ಕ ಕಾಣುತ್ತದೆ. ಸಂಕರದ ಕಸುವು ಒಂದೇ ತಲೆಮಾರಿನದು. ಎರಡು ಕುಲಗಳು ಕೂಡಿದಾಗ ಹುಟ್ಟುವ ಆ ಸೊಗಸು ಹುಟ್ಟಿದಲ್ಲೇ ಪೂರ್ತಿಯಾಗಿರುತ್ತದೆ, ಮುಂದಕ್ಕೆ ದಾಟುವುದಿಲ್ಲ. ಉಳಿಯದೇ ಇರುವುದು ಅದರ ದೋಷವಲ್ಲ, ಅದರ ಸ್ವಭಾವ. ಇದನ್ನು ಒಪ್ಪಿಕೊಂಡು ಬದುಕುವುದು ಹೇಗೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುತ್ತಿರುವ ಪ್ರಶ್ನೆ. ಹತ್ತಿಯನ್ನು ಹಿಡಿದುಕೊಂಡು ಅದನ್ನು ಯೋಚಿಸುವುದು ನಮ್ಮ ಸೀಮೆಯವರಿಗೆ ಸಹಜ. ಏಕೆಂದರೆ ಆ ಕತೆಯ ಒಂದು ದೊಡ್ಡ ಅಧ್ಯಾಯ ಧಾರವಾಡದಲ್ಲೇ ನಡೆಯಿತು.

1970ರಲ್ಲಿ ಸೂರತ್‌ನಲ್ಲಿ ಸಿ.ಟಿ. ಪಟೇಲ್ ಅವರು ಎಚ್-4 ಎಂಬ ಹತ್ತಿಯನ್ನು ರೈತರ ಕೈಗಿಟ್ಟರು. ಒಂದೇ ಪ್ರಭೇದದ ಎರಡು ತಳಿಗಳನ್ನು ಕೂಡಿಸಿ ಮಾಡಿದ ಸಂಕರ ಅದು. ಎರಡೇ ವರ್ಷದಲ್ಲಿ, 1972ರಲ್ಲಿ, ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಾತರಕಿ ಅವರು ಇನ್ನೂ ದೂರಕ್ಕೆ ಕೈಚಾಚಿದರು. ಎರಡು ಬೇರೆ ಬೇರೆ ಪ್ರಭೇದಗಳನ್ನೇ ಕೂಡಿಸಿದರು. ತಾಯಿ ಲಕ್ಷ್ಮಿ ಎಂಬ ತಳಿ, ಮೆಕ್ಸಿಕೋ ಮೂಲದ ಹಿರ್ಸುಟಮ್ ಪ್ರಭೇದದ್ದು. ತಂದೆ ಎಸ್‌ಬಿ 289-ಇ, ದಕ್ಷಿಣ ಅಮೆರಿಕದ ಪಡುವಣ ಕರಾವಳಿಯಲ್ಲಿ ಬೇರು ಇರುವ ಬಾರ್ಬಡೆನ್ಸ್ ಪ್ರಭೇದದ್ದು. ಹುಟ್ಟಿದ್ದು ವರಲಕ್ಷ್ಮಿ. ಎರಡು ಪ್ರಭೇದಗಳ ಸಂಕರ ಹತ್ತಿಯನ್ನು ವ್ಯವಹಾರದ ಬೆಳೆಯಾಗಿ ರೈತರಿಗೆ ಕೊಟ್ಟದ್ದು ಜಗತ್ತಿನಲ್ಲೇ ಅದು ಮೊದಲು. ತಾಯಿಯ ಇಳುವರಿ, ತಂದೆಯ ನೀಳ ಎಳೆ ಎರಡೂ ಅದರಲ್ಲಿ ಬಂದಿದ್ದವು. ಅಲ್ಲಿಯವರೆಗೆ ನಯವಾದ ಬಟ್ಟೆಗೆ ಬೇಕಾದ ಉದ್ದ ಎಳೆಯ ಹತ್ತಿಗಾಗಿ ದೇಶವು ಈಜಿಪ್ಟ್, ಸುಡಾನ್‌ಗಳ ಕಡೆ ನೋಡಬೇಕಿತ್ತು. ಆ ಅವಲಂಬನೆ ಕಡಿಮೆಯಾದದ್ದರಲ್ಲಿ ಈ ಹತ್ತಿಯ ಪಾಲು ದೊಡ್ಡದು. 1981ರಲ್ಲಿ ಧಾರವಾಡದಿಂದಲೇ ಡಿಸಿಎಚ್-32 ಬಂತು. ಅದಕ್ಕೆ ಜಯಲಕ್ಷ್ಮಿ ಎಂದೂ ಹೆಸರು. ಅಲ್ಲಿಂದಾಚೆಗೆ ವರಲಕ್ಷ್ಮಿ ಹೊಲಗಳಿಂದ ಮೆಲ್ಲನೆ ಸರಿಯಿತು. ಇಂದು ಹಳೆಯ ರೈತರ ನೆನಪಿನಲ್ಲಿ, ಸಂಶೋಧಕರ ಪ್ರಬಂಧಗಳಲ್ಲಿ ಅದರ ಹೆಸರಿದೆ. ಹೊಲದಲ್ಲಿ ಹುಡುಕಿದರೆ ಸಿಗುವುದು ಕಷ್ಟ.

ಮೊದಲ ಪ್ರಶ್ನೆಗೆ ಮರಳುತ್ತೇನೆ. ಎರಡನೇ ವರ್ಷದ ಹೊಲದಲ್ಲಿ ಕಸುವು ಎಲ್ಲಿಗೆ ಹೋಯಿತು? ಬಟಾಣಿ ಗಿಡಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿ 1866ರಲ್ಲಿ ಪ್ರಬಂಧ ಅಚ್ಚು ಹಾಕಿಸಿದ ಮೆಂಡೆಲ್ ಇದಕ್ಕೆ ಉತ್ತರದ ಬೀಜವನ್ನು ಇಟ್ಟಿದ್ದ. ಏನೂ ಹೋಗಿಲ್ಲ. ತಾಯಿಯಿಂದ ಬಂದ ಒಂದೊಂದು ವಂಶವಾಹಿಯೂ, ತಂದೆಯಿಂದ ಬಂದ ಒಂದೊಂದು ವಂಶವಾಹಿಯೂ ಎರಡನೇ ತಲೆಮಾರಿನ ಹೊಲದಲ್ಲಿ ಇನ್ನೂ ಇವೆ. ಆದರೆ ಚದುರಿವೆ. ಮೊದಲ ತಲೆಮಾರಿನಲ್ಲಿ ಪ್ರತಿ ಗಿಡದಲ್ಲೂ ತಾಯಿಯದೊಂದು ತಂದೆಯದೊಂದು ಎಂಬಂತೆ ಜೊತೆ ಕೂಡಿದ್ದವು. ಈಗ ಕೆಲವು ಗಿಡಗಳಲ್ಲಿ ತಾಯಿಯವೇ ಎರಡು, ಕೆಲವಲ್ಲಿ ತಂದೆಯವೇ ಎರಡು, ಕೆಲವಲ್ಲಿ ಒಂದಕ್ಕೊಂದು ಹೊಂದದ ತುಣುಕುಗಳು. ಪ್ರಭೇದಗಳು ದೂರವಾದಷ್ಟೂ ಈ ಚದುರಾಟ ಹೆಚ್ಚು ಕೆಡಿಸುತ್ತದೆ. ಹೊಲದಲ್ಲಿದ್ದ ಯಾವ ವಸ್ತುವೂ ಕಳೆದುಹೋಗಿಲ್ಲ, ಅವುಗಳ ಕೂಡುವಿಕೆ ಮಾತ್ರ ಮುಗಿದಿದೆ. ಮತ್ತು ಆ ಕೂಡುವಿಕೆಯೇ ನಾವು ವರಲಕ್ಷ್ಮಿ ಎಂದು ಕರೆದದ್ದು.

ಅನಿತ್ಯದ ಬಗ್ಗೆ ನಾವು ಸಾಮಾನ್ಯವಾಗಿ ಆಡುವ ಮಾತುಗಳು ಇಲ್ಲಿ ಸಾಲುವುದಿಲ್ಲ. ಎಲ್ಲವೂ ನಶಿಸುತ್ತದೆ ಎನ್ನುತ್ತೇವೆ. ಇಲ್ಲಿ ನಶಿಸಿದ್ದು ಯಾವುದು? ಕನ್ನಡ ನಾಡಿನಲ್ಲಿ ಸಾವಿರಕ್ಕೂ ಹೆಚ್ಚು ವರ್ಷ ಬೇರುಬಿಟ್ಟ ಜೈನ ಚಿಂತನೆ ಇದಕ್ಕೆ ಹೆಚ್ಚು ಹತ್ತಿರದ ಮಾತು ಹೇಳಿದೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದ ಪ್ರಕಾರ ಇರುವುದೆಲ್ಲದರಲ್ಲೂ ಹುಟ್ಟು, ಅಳಿವು, ಉಳಿವು ಮೂರೂ ಒಟ್ಟಿಗೇ ಇವೆ: ಉತ್ಪಾದ, ವ್ಯಯ, ಧ್ರೌವ್ಯ. ಒಂದರ ಬಳಿಕ ಒಂದು ಬರುವ ಘಟ್ಟಗಳಲ್ಲ ಅವು. ಬಿರಿದ ಹತ್ತಿಕಾಯಿಯಲ್ಲಿ ಸಂಕರದ ಕಸುವು ತನ್ನ ಪೂರ್ಣತೆಯಲ್ಲಿ ಎಳೆಯಾಗಿ ನಿಂತಿರುವಾಗಲೇ, ಆ ಎಳೆ ಹೊದ್ದ ಕಾಳಿನೊಳಗೆ ಅದೇ ಸಂಕರ ಆಗಲೇ ಒಡೆದು ಚದುರಿರುತ್ತದೆ. ಹುಟ್ಟೂ ಅಳಿವೂ ಒಂದೇ ತೊಳೆಯಲ್ಲಿ. ರೈತ ಹತ್ತಿ ಬಿಡಿಸುವಾಗ ಕೈಗೆ ಬರುವುದು ಈ ಎರಡೂ. ಎಳೆ ಜಿನ್ನಿಗೆ ಹೋಗುತ್ತದೆ, ಕಾಳು ಗಾಣಕ್ಕೋ ದನದ ಮೇವಿಗೋ ಹೋಗುತ್ತದೆ.

ಮನುಷ್ಯರ ಮಟ್ಟಿಗೂ ಇದು ನಿಜ, ಅಕ್ಷರಶಃ ನಿಜ. ನಮ್ಮಲ್ಲಿ ಪ್ರತಿಯೊಬ್ಬರೂ ಮೊದಲ ತಲೆಮಾರಿನ ಒಂದು ಕೂಡುವಿಕೆ. ಅಪ್ಪನ ಅರ್ಧ, ಅವ್ವನ ಅರ್ಧ ಸೇರಿ ಆದ ಈ ಜೋಡಣೆ ಮತ್ತೊಮ್ಮೆ ಆಗದು. ಮಕ್ಕಳಿಗೆ ಅದರ ಅರ್ಧ ಮಾತ್ರ ಹೋಗುತ್ತದೆ, ಅದೂ ಕಲಸಿಕೊಂಡು. ಮೊಮ್ಮಗಳು ಹುಬ್ಬು ಗಂಟಿಕ್ಕಿದಾಗ ತೀರಿಹೋದ ಅಜ್ಜನ ಮುಖ ಮಿಂಚಿ ಮರೆಯಾದದ್ದನ್ನು ಕಂಡು ಮನೆಯವರೆಲ್ಲ ಒಂದು ಗಳಿಗೆ ಸುಮ್ಮನಾಗುತ್ತಾರೆ. ಅಜ್ಜ ಪೂರ್ತಿ ಹೋಗಿಲ್ಲ ಎಂಬ ಸಮಾಧಾನ ಅದರಲ್ಲಿದೆ. ಆದರೆ ಬಂದದ್ದು ಹುಬ್ಬು ಮಾತ್ರ, ಅಜ್ಜನಲ್ಲ. ಸತ್ತವರ ಗುಣ ಮಕ್ಕಳಲ್ಲಿ ಉಳಿಯಿತು ಎಂದು ಹೇಳಿ ದುಃಖವನ್ನು ಬೇಗ ಮುಗಿಸುವುದು ನನಗೆ ಒಪ್ಪಿಗೆಯಾಗುವುದಿಲ್ಲ. ಗುಣಗಳು ಉಳಿಯುತ್ತವೆ. ಆ ಗುಣಗಳು ಒಬ್ಬ ಮನುಷ್ಯನಾಗಿ ಕೂಡಿದ್ದ ರೀತಿ ಉಳಿಯುವುದಿಲ್ಲ. ನಾವು ಪ್ರೀತಿಸಿದ್ದು ಆ ರೀತಿಯನ್ನು. ಅದಕ್ಕಾಗಿ ಅಳುವುದು ಅಜ್ಞಾನವಲ್ಲ.

ಸಂಕರದ ಬೀಜ ತಯಾರಾಗುವ ಹೊಲವನ್ನು ಹತ್ತಿರದಿಂದ ನೋಡಿದರೆ ಈ ಮಾತಿಗೆ ಇನ್ನಷ್ಟು ತೂಕ ಬರುತ್ತದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಸೀಮೆ ಇದಕ್ಕೆ ಹೆಸರಾದದ್ದು. ಅಲ್ಲಿನ ಸೀಡ್ಸ್ ಪ್ಲಾಟುಗಳಲ್ಲಿ ಹೆಣ್ಣು ಗಿಡಗಳದೇ ಒಂದು ಭಾಗ, ಗಂಡು ಗಿಡಗಳದೇ ಇನ್ನೊಂದು. ಹತ್ತಿಯ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗಿರುತ್ತವೆ. ಬಿಟ್ಟರೆ ಅದು ತನ್ನ ಪರಾಗದಿಂದ ತಾನೇ ಕಾಯಿ ಕಟ್ಟುತ್ತದೆ. ಸಂಕರ ಬೇಕೆಂದರೆ ಅದನ್ನು ತಡೆಯಬೇಕು. ಮಧ್ಯಾಹ್ನ ಇಳಿದ ಮೇಲೆ ಹೆಂಗಸರು ಸಾಲು ಹಿಡಿಯುತ್ತಾರೆ. ನಾಳೆ ಅರಳಲಿರುವ ಮೊಗ್ಗು ಯಾವುದೆಂದು ಅದರ ಉಬ್ಬು ನೋಡಿಯೇ ತಿಳಿಯುತ್ತದೆ. ಹೆಬ್ಬೆರಳ ಉಗುರನ್ನು ಮೊಗ್ಗಿನ ಬುಡಕ್ಕೆ ಒತ್ತಿ, ಒಂದು ಸುತ್ತು ತಿರುವಿ, ದಳವನ್ನೂ ಅದರೊಳಗಿನ ಕೇಸರದ ಕೊಳವೆಯನ್ನೂ ಒಟ್ಟಿಗೆ ಸುಲಿದು ತೆಗೆಯುತ್ತಾರೆ. ಉಗುರು ಕೂದಲೆಳೆಯಷ್ಟು ಆಳಕ್ಕೆ ಹೋದರೆ ಅಂಡಾಶಯಕ್ಕೆ ಗಾಯವಾಗಿ ಮೊಗ್ಗು ಉದುರುತ್ತದೆ. ಮೇಲೆಯೇ ನಿಂತರೆ ಒಂದೆರಡು ಪರಾಗಕೋಶ ಉಳಿದು ಬೀಜ ಕೆಡುತ್ತದೆ. ಸುಲಿದ ಮೇಲೆ ನಿಲ್ಲುವುದು ತೆಳು ಹಸಿರಿನ ಒಂದು ಬೊಟ್ಟು, ಅದರ ಮೇಲೊಂದು ಕಡ್ಡಿ. ಅದಕ್ಕೆ ಕೆಂಪು ಕಾಗದದ ಪುಟ್ಟ ಚೀಲ ತೊಡಿಸುತ್ತಾರೆ. ಮರುದಿನ ಬೆಳಿಗ್ಗೆ ಪರಾಗ ಬಿರಿಯುವ ಹೊತ್ತಿಗೆ ಗಂಡು ಗಿಡದ ಹೂ ಕಿತ್ತು ತಂದು, ಆ ಕಡ್ಡಿಯ ತುದಿಗೆ ಮೆತ್ತಗೆ ಸವರಿ ಗುರುತು ಮಾಡುತ್ತಾರೆ. ಒಂದು ಗಂಡು ಹೂವು ನಾಲ್ಕೈದು ಹೆಣ್ಣು ಹೂಗಳಿಗೆ ಸಾಕು. ಹೊತ್ತೇರಿದರೆ ಪರಾಗದ ಜೀವ ಹೋಗುತ್ತದೆ.

“ಇವತ್ತ ಸಂಜಿಕ ಸುಲೀಲಿಲ್ಲಂದ್ರ ನಾಳೆ ಅದು ತನ್ನಷ್ಟಕ್ಕ ತಾನ ಕಟ್ಟಿಕೊಳ್ಳತೈತ್ರಿ ಅಣ್ಣಾರ. ಆಮ್ಯಾಗ ಆ ಕಾಯಿ ಬೀಜಕ್ಕ ಬರೂದಿಲ್ಲ” ಎಂದು ಒಬ್ಬ ಹೆಣ್ಣುಮಗಳು ಸಾಲಿನಿಂದ ತಲೆ ಎತ್ತದೆಯೇ ನನಗೆ ಹೇಳಿದಳು. ಅಕ್ಕಾರ, ಒಂದು ದಿನಕ್ಕೆ ಎಷ್ಟು ಮೊಗ್ಗು ಸುಲಿಯುತ್ತೀರಿ ಎಂದರೆ, “ಅದನ್ನೆಲ್ಲಿ ಎಣಿಸ್ಕೋತ ಕುಂದ್ರೂಣ್ರಿ, ಹೊತ್ತು ಮುಳಗೂತನ ಸುಲಿಯೂದು” ಎಂದಳು. ಅವಳ ಹೆಬ್ಬೆರಳ ಉಗುರಿನ ಸುತ್ತ ಗಿಡದ ರಸದ ಕರೆ ಕಪ್ಪಗೆ ಕೂತಿತ್ತು.

ಹೀಗೆ ಸುಲಿದು ಸವರಿದ ಒಂದು ಹೂವಿನಿಂದ ಬರುವುದು ಹೆಚ್ಚೆಂದರೆ 20-30 ಕಾಳು. ಒಂದು ಎಕರೆ ಬಿತ್ತಲು ಬೇಕಾದ ಪ್ಯಾಕೆಟ್ಟಿನ ಹಿಂದೆ ಇಂಥ ನೂರಾರು ಸಂಜೆ-ಬೆಳಗಿನ ಬೆರಳಾಟವಿದೆ. ಸಂಕರದ ಅನಿತ್ಯತೆ ಎಂದರೆ ಯಾರೋ ಪ್ರತಿ ವರ್ಷ ಕೂತು ಅದನ್ನು ಮತ್ತೆ ಮಾಡಬೇಕು ಎಂದೇ ಅರ್ಥ. ಇಲ್ಲಿ ತತ್ತ್ವಜ್ಞಾನದ ಜೊತೆಗೆ ಕೂಲಿಯ ಮಾತೂ ಬರಲೇಬೇಕು. ಎಳೆ ಬೆರಳು ಚಿಕ್ಕ ಮೊಗ್ಗಿಗೆ ಒಗ್ಗುತ್ತದೆ, ಕೂಲಿಯೂ ಕಡಿಮೆ ಎಂಬ ಕಾರಣಕ್ಕೆ ಈ ಹೊಲಗಳಲ್ಲಿ ಶಾಲೆ ಬಿಡಿಸಿದ ಮಕ್ಕಳನ್ನು, ಅದರಲ್ಲೂ ಹೆಣ್ಣುಮಕ್ಕಳನ್ನು ದುಡಿಸಿದ್ದು ಆಂಧ್ರ, ಗುಜರಾತ್, ಕರ್ನಾಟಕ ಎಲ್ಲೆಡೆ ದಾಖಲಾಗಿದೆ. ಹತ್ತಿಯ ಕ್ರಾಸಿಂಗ್ ಮುಂದಿನ ಹಂಗಾಮಿಗೆ ಮತ್ತೆ ಮಾಡಬಹುದು. ಹತ್ತು ವರ್ಷದ ಹುಡುಗಿಯ ಹತ್ತನೇ ವರ್ಷವನ್ನು ಮತ್ತೆ ಮಾಡಲಾಗದು. ಎಲ್ಲವೂ ಅನಿತ್ಯ ಎಂದು ಒಂದೇ ಉಸಿರಿಗೆ ಹೇಳುವವರು ಈ ಎರಡು ಅನಿತ್ಯಗಳ ನಡುವಣ ಅಂತರವನ್ನು ಮರೆಯಬಾರದು.

ಸಂಕರ ಎಂದರೆ ಇತ್ತೀಚಿನದು, ಮನುಷ್ಯ ಮಾಡಿದ್ದು, ಅದಕ್ಕೂ ಮೊದಲು ಶುದ್ಧ ಕುಲಗಳಿದ್ದವು ಎಂಬ ಭಾವನೆ ನಮ್ಮಲ್ಲಿ ಆಳವಾಗಿದೆ. ಹತ್ತಿ ಅದನ್ನು ಒಪ್ಪುವುದಿಲ್ಲ. ನಮ್ಮ ಎರೆ ಭೂಮಿಯ ಜವಾರಿ ಹತ್ತಿ, ಧಾರವಾಡ ಸೀಮೆಯವರು ಜಯಧರ ಎಂದು ಬಲ್ಲ ತಳಿ, ಹರ್ಬೇಸಿಯಮ್ ಪ್ರಭೇದದ್ದು. ಅದರ ಜೀವಕೋಶದಲ್ಲಿ 26 ವರ್ಣತಂತುಗಳಿವೆ. ಅಮೆರಿಕ ಮೂಲದ ಹತ್ತಿಗಳಲ್ಲಿ 52. ಈ ಇಮ್ಮಡಿ ಲೆಕ್ಕಕ್ಕೆ ಕಾರಣ ಒಂದು ಹಳೆಯ ಸಂಕರ. ಹತ್ತು-ಇಪ್ಪತ್ತು ಲಕ್ಷ ವರ್ಷಗಳ ಹಿಂದೆ, ಮನುಷ್ಯನ ಕೈ ಹತ್ತಿಯನ್ನು ಮುಟ್ಟುವುದಕ್ಕೆ ಬಹಳ ಮೊದಲು, ನಮ್ಮ ಜವಾರಿ ಹತ್ತಿಯ ಕುಲಕ್ಕೆ ಸೇರಿದ ಒಂದು ಪೂರ್ವಜದ ಬೀಜ ಸಾಗರ ದಾಟಿ ಅಮೆರಿಕ ಖಂಡ ಸೇರಿತು. ಅಲ್ಲಿನ ಕಾಡು ಹತ್ತಿಯೊಂದರ ಜೊತೆ ಕೂಡಿತು. ಹುಟ್ಟಿದ ಗಿಡದಲ್ಲಿ ಎರಡೂ ಕಡೆಯ ವರ್ಣತಂತುಗಳು ಇಮ್ಮಡಿಯಾದವು, ಅದರಿಂದ ಗಿಡ ಬಂಜೆಯಾಗದೆ ಉಳಿಯಿತು. ಆ ಒಂದು ಕೂಡುವಿಕೆಯ ಸಂತಾನವೇ ಲಕ್ಷ್ಮಿ, ಅದೇ ಎಸ್‌ಬಿ 289-ಇ, ಇಂದು ಜಗತ್ತು ತೊಡುವ ಹತ್ತಿಯ ಬಹುಪಾಲು. 1972ರಲ್ಲಿ ಧಾರವಾಡದಲ್ಲಿ ಕೂಡಿಸಿದ್ದು ಆ ಹಳೆಯ ಸಂಕರದ ಎರಡು ದಾಯಾದಿಗಳನ್ನು. ಲಕ್ಷ್ಮಿಯಾದರೂ ಗದಗ ಸೀಮೆಯಲ್ಲಿ ನೆಲೆನಿಂತಿದ್ದ ಅಮೆರಿಕನ್ ಹತ್ತಿಗೂ ಕೊಯಮತ್ತೂರಿನ ಕಾಂಬೋಡಿಯಾ ಹತ್ತಿಗೂ ಹುಟ್ಟಿದ್ದು. ತಾಯಿ ಎಂದು ನಿಲ್ಲಿಸಿದವಳ ಹಿಂದೆಯೂ ಒಂದು ಮದುವೆ, ಅದರ ಹಿಂದೆ ಮತ್ತೊಂದು.

ಗದಗಿಗೆ ಅಮೆರಿಕನ್ ಹತ್ತಿ ಬಂದದ್ದೂ ಒಂದು ಆಕಸ್ಮಿಕದ ಸಾಲಿನಲ್ಲೇ. 1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ಬೆಳೆಗಾರರನ್ನು ಕರೆಸಿ ಇಲ್ಲಿ ಪ್ರಯೋಗ ಮಾಡಿಸಿತು. ಹಲವು ಕಡೆ ಸೋತ ಆ ಹತ್ತಿ ಧಾರವಾಡದ ನೆಲಕ್ಕೆ ಒಗ್ಗಿತು. ಧಾರವಾಡ-ಅಮೆರಿಕನ್ ಎಂಬ ಹೆಸರು ಲಂಕಾಶೈರಿನ ಗಿರಣಿಗಳವರೆಗೆ ಹೋಯಿತು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ನಿಂತಾಗ ಇಲ್ಲಿನ ಬೆಲೆ ಗಗನಕ್ಕೇರಿತು. ಜವಾರಿ ಎಳೆಯನ್ನು ಅಮೆರಿಕನ್ ಎಳೆಯ ಜೊತೆ ಕಲಸಿ ಮಾರುವುದೂ ಹೆಚ್ಚಿತು. ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಹತ್ತಿ ವಂಚನೆ ಕಾಯಿದೆಯನ್ನೇ ತಂದಿತು. ಅಂಡಿಗೆಯಲ್ಲಿ ಕಲಸಿದರೆ ಅಪರಾಧ, ನೂರು ವರ್ಷದ ಮೇಲೆ ಹೂವಿನಲ್ಲಿ ಕೂಡಿಸಿದರೆ ಕೀರ್ತಿ. ಇದರಲ್ಲಿ ವಿರೋಧವಿಲ್ಲ. ಅಂಡಿಗೆಯಲ್ಲಿ ಕಲಸಿದ್ದು ಎರಡನ್ನೂ ಮರೆಮಾಚುವುದಕ್ಕಾಗಿ, ಹೂವಿನಲ್ಲಿ ಕೂಡಿಸಿದ್ದು ಎರಡನ್ನೂ ಬಲ್ಲವರು.

ಬೀಜದ ಶುದ್ಧಿಯ ಮಾತನ್ನು ಮನುಷ್ಯರ ಕುಲದ ಮಾತಿಗೆ ತಂದು ಹಚ್ಚುವ ಹಳೆಯ ಚಟ ನಮ್ಮಲ್ಲಿದೆ. ಅದನ್ನು ಇಲ್ಲಿ ಸ್ಪಷ್ಟವಾಗಿ ಅಲ್ಲಗಳೆಯುವುದು ನನ್ನ ಕರ್ತವ್ಯ. ಜಾತಿಗಳು ಪ್ರಭೇದಗಳಲ್ಲ, ತಳಿಗಳೂ ಅಲ್ಲ. ಮನುಷ್ಯರದು ಒಂದೇ ಪ್ರಭೇದ. ಅಷ್ಟೇ ಅಲ್ಲ, ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್‌ನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 4200ರಿಂದ 1900 ವರ್ಷಗಳ ಹಿಂದಿನ ಅವಧಿಯಲ್ಲಿ ಈ ನೆಲದ ಜನಸಮುದಾಯಗಳು ವ್ಯಾಪಕವಾಗಿ ಬೆರೆತಿವೆ. ಒಳಗೊಳಗೇ ಮದುವೆಯಾಗುವ ಪದ್ಧತಿ ಬಿಗಿಯಾದದ್ದು ಆಮೇಲೆ. ನಮ್ಮ ಕುಲ ಅನಾದಿ ಎಂದು ಹೇಳಿಕೊಳ್ಳುವ ಮನೆತನಗಳ ರಕ್ತದಲ್ಲೂ ಆ ಬೆರಕೆ ಇದೆ. ಶುದ್ಧ ಎಂದು ನಾವು ಕರೆಯುವುದು, ಹತ್ತಿಯಲ್ಲಾಗಲಿ ಮನುಷ್ಯರಲ್ಲಾಗಲಿ, ಯಾವುದೋ ಕಾಲಕ್ಕೆ ಬೆರೆತು ಆಮೇಲೆ ಬಾಗಿಲು ಹಾಕಿಕೊಂಡದ್ದು. ಅನಿತ್ಯ ಮುಂದಕ್ಕೆ ಮಾತ್ರವಲ್ಲ, ಹಿಂದಕ್ಕೂ ಇದೆ. ಮುಂದೆ ಇದು ಹೀಗೆ ಇರುವುದಿಲ್ಲ ಎಂಬ ಅರಿವು ಬೇಗ ಬರುತ್ತದೆ, ಹಿಂದೆಯೂ ಇದು ಹೀಗೆ ಇರಲಿಲ್ಲ ಎಂಬ ಅರಿವಿಗೆ ಹೆಚ್ಚು ಧೈರ್ಯ ಬೇಕು.

ಹಾಗಾದರೆ ಸಂಕರವನ್ನು ಹಿಡಿದು ನಿಲ್ಲಿಸಲು ಸಾಧ್ಯವೇ ಇಲ್ಲವೇ? ಸಾಧ್ಯವಿದೆ, ಮತ್ತು ಅದರ ಫಲವನ್ನು ನಂಜನಗೂಡಿನವರು ಬಲ್ಲರು. ಬಾಳೆಯೂ ಸಂಕರವೇ. ಕಾಡಿನ ಬಾಳೆಯಲ್ಲಿ ತಿರುಳಿಗಿಂತ ಕಲ್ಲಿನಂಥ ಬೀಜಗಳೇ ಹೆಚ್ಚು. ಅಕ್ಯುಮಿನಾಟ, ಬಾಲ್ಬಿಸಿಯಾನ ಎಂಬ ಎರಡು ಕಾಡು ಪ್ರಭೇದಗಳು ಎಂದೋ ಕೂಡಿ, ಮೂರು ಕಂತೆ ವರ್ಣತಂತುಗಳ ಗಿಡಗಳು ಹುಟ್ಟಿದವು. ಮೂರನ್ನು ಸಮನಾಗಿ ಇಬ್ಭಾಗ ಮಾಡಲಾಗದ್ದರಿಂದ ಅವು ಬೀಜ ಕಟ್ಟಲಿಲ್ಲ. ಆ ಬಂಜೆತನವೇ ನಮಗೆ ಹಣ್ಣಾಯಿತು. ಯಾರೋ ಅದರ ಕಂದು ಕಿತ್ತು ನೆಟ್ಟರು, ಆ ಕಂದಿನ ಕಂದನ್ನು ಇನ್ನಾರೋ ನೆಟ್ಟರು. ನಂಜನಗೂಡು ರಸಬಾಳೆ ಅಂಥ ಒಂದು ಕೂಡುವಿಕೆ. ಎರಡು ಪಾಲು ಅಕ್ಯುಮಿನಾಟ, ಒಂದು ಪಾಲು ಬಾಲ್ಬಿಸಿಯಾನ. ತೆಳು ಸಿಪ್ಪೆ, ಬಾಯಲ್ಲಿ ಹಿಟ್ಟಿನಂತೆ ಕರಗುವ ತಿರುಳು, ಕೋಣೆ ತುಂಬುವ ಪರಿಮಳ. ಅದು ಹತ್ತಿಯಂತೆ ಮರುವರ್ಷ ಚದುರುವುದಿಲ್ಲ. ಇಂದಿನ ರಸಬಾಳೆ ಗಿಡ ನಮ್ಮ ಮುತ್ತಜ್ಜಂದಿರ ಕಾಲದ ಗಿಡದ ಮಗನಲ್ಲ, ಅದೇ ಗಿಡ. ಸಂಕರದ ಸೊಗಸು ಅಲ್ಲಿ ಕಾಲವನ್ನು ಗೆದ್ದಿತ್ತು.

ಆಮೇಲೆ ಮಣ್ಣಿನಲ್ಲಿ ಪನಾಮಾ ಸೊರಗು ರೋಗದ ಶಿಲೀಂಧ್ರ ಬಂತು. ಬೇರಿನಿಂದ ಒಳಹೊಕ್ಕು, ನೀರು ಏರುವ ನಾಳಗಳನ್ನು ಕಟ್ಟಿ, ಹೊರ ಎಲೆಗಳಿಂದ ಹಳದಿಯಾಗಿಸುತ್ತ ಗಿಡವನ್ನು ಕೊಲ್ಲುತ್ತದೆ. ಒಂದು ಗಿಡಕ್ಕೆ ತಡೆಯಲು ಬಾರದಿದ್ದರೆ ಯಾವ ಗಿಡಕ್ಕೂ ಬಾರದು, ಏಕೆಂದರೆ ಎಲ್ಲವೂ ಒಂದೇ. ಮಧ್ಯ ಅಮೆರಿಕದ ಗ್ರೋ ಮಿಷೆಲ್ ಎಂಬ ಬಾಳೆ ಇದೇ ರೋಗಕ್ಕೆ ಸಿಕ್ಕಿ ಇಪ್ಪತ್ತನೇ ಶತಮಾನದ ನಡುವಿನ ಹೊತ್ತಿಗೆ ರಫ್ತು ಮಾರುಕಟ್ಟೆಯಿಂದಲೇ ಹೋಯಿತು. ನಂಜನಗೂಡಿನ ದೇವರಸನಹಳ್ಳಿಯ ಸುತ್ತಮುತ್ತಲ ಬಾಳೆತೋಟಗಳು ಕುಗ್ಗುತ್ತ ಬಂದು, ಭೌಗೋಳಿಕ ಗುರುತಿನ ಮಾನ್ಯತೆ ಸಿಗುವ ಹೊತ್ತಿಗೆ ಹಣ್ಣೇ ಅಪರೂಪವಾಗಿತ್ತು. ಪ್ರತಿ ತಲೆಮಾರಿನಲ್ಲೂ ಚದುರುವ ಗಿಡಕ್ಕೆ ಚದುರುವಾಗಲೇ ಹೊಸ ಜೋಡಣೆಗಳು ಸಿಗುತ್ತವೆ, ಅವುಗಳಲ್ಲಿ ಒಂದಕ್ಕಾದರೂ ಹೊಸ ರೋಗವನ್ನು ತಡೆಯುವ ಶಕ್ತಿ ಇದ್ದೀತು. ನಿಂತೇ ಇರುವ ಗಿಡಕ್ಕೆ ಆ ದಾರಿಯಿಲ್ಲ. ಜಗತ್ತು ಬದಲಾಗುತ್ತಿರುವಾಗ ತಾನು ಮಾತ್ರ ಬದಲಾಗದೆ ಉಳಿದದ್ದೇ ಅದಕ್ಕೆ ಮುಳುವಾಯಿತು.

ಚದುರುವಿಕೆ ಎಲ್ಲ ಕಡೆಯೂ ಕಾಪಾಡುತ್ತದೆ ಎಂದು ಇದರಿಂದ ತೀರ್ಮಾನಿಸಬಾರದು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ಸಿಕ್ಕಾಗ ನಮ್ಮ ದೇಶದಲ್ಲಿ ಅದು ಬಂದದ್ದು ಸಂಕರಗಳ ರೂಪದಲ್ಲಿ. ಅಮೆರಿಕ, ಆಸ್ಟ್ರೇಲಿಯಾ, ಬ್ರೆಜಿಲ್‌ಗಳ ರೈತರು ಬಿತ್ತುವುದು ಸ್ಥಿರವಾದ ತಳಿಗಳನ್ನು, ಅಲ್ಲಿ ಕಾಯಿಯ ಪ್ರತಿ ಕಾಳಿನಲ್ಲೂ ಕೀಟಕ್ಕೆ ವಿಷವುಣಿಸುವ ಬಿಟಿ ವಂಶವಾಹಿ ಇರುತ್ತದೆ. ಸಂಕರ ಗಿಡದ ಕಾಯಿಯಲ್ಲಿ ಹಾಗಲ್ಲ. ಅದರ ಕಾಳುಗಳು ಆಗಲೇ ಎರಡನೇ ತಲೆಮಾರಿನವು. ಒಂದು ಪೋಷಕದಿಂದ ಮಾತ್ರ ಬಂದ ವಂಶವಾಹಿ ಅವುಗಳಲ್ಲಿ ಚದುರಿ, ನಾಲ್ಕರಲ್ಲಿ ಒಂದಕ್ಕೆ ಇರುವುದೇ ಇಲ್ಲ. ಗುಲಾಬಿ ಕಾಯಿಕೊರಕದ ಹುಳು ಬದುಕುವುದು ಈ ಕಾಳುಗಳನ್ನು ತಿಂದೇ. ಒಂದೇ ಕಾಯಿಯೊಳಗೆ ವಿಷವಿರುವ ಕಾಳು, ವಿಷವಿಲ್ಲದ ಕಾಳು ಎರಡನ್ನೂ ಕೊರೆಯುತ್ತ ಅದು ಆ ವಿಷಕ್ಕೆ ಒಗ್ಗಿಕೊಳ್ಳಲು ಇದರಿಂದ ಅನುಕೂಲವಾಯಿತೆಂಬುದು ಹಲವು ಕೀಟವಿಜ್ಞಾನಿಗಳ ವಿವರಣೆ. ಕಳೆದ ದಶಕದ ನಡುವಿನ ಹೊತ್ತಿಗೆ ಎರಡು ವಂಶವಾಹಿಗಳ ಬಿಟಿ ಹತ್ತಿಯನ್ನೂ ಅದು ಮೀರಿತು. ಹುಳುವೂ ಒಂದು ಕುಲ, ಅದಕ್ಕೂ ತಲೆಮಾರುಗಳಿವೆ, ಅದೂ ಬದಲಾಗುತ್ತಿದೆ. ನಮ್ಮ ಗೆಲುವುಗಳು ಅದರ ತಲೆಮಾರುಗಳ ಲೆಕ್ಕದಲ್ಲಿ ಕರಗುತ್ತವೆ.

ಈಗ ಇನ್ನೊಂದು ಪ್ರಯತ್ನ ನಡೆದಿದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್‌ನಲ್ಲಿ ವೆಂಕಟೇಶನ್ ಸುಂದರೇಶನ್ ಅವರ ತಂಡ ಭತ್ತದಲ್ಲಿ ಬೀಜವೇ ತಾಯಿಯ ಪಡಿಯಚ್ಚಾಗಿ ಹುಟ್ಟುವಂತೆ ಮಾಡಿ 2019ರಲ್ಲಿ ಪ್ರಕಟಿಸಿತು. ಅದು ಕೈಗೂಡಿ ಹತ್ತಿಗೂ ಬಂದರೆ ರೈತ ಸಂಕರದ ಕಾಳನ್ನು ಎತ್ತಿಟ್ಟು ಬಿತ್ತಬಹುದು, ವರ್ಷಾವರ್ಷ ಅಂಗಡಿಯ ಮುಂದೆ ನಿಲ್ಲಬೇಕಿಲ್ಲ. ಆ ದಿನ ಬರಲಿ ಎಂದು ನಾನು ಮನಸಾರೆ ಬಯಸುತ್ತೇನೆ. ಅನಿತ್ಯದ ಸೊಬಗನ್ನು ಹೊಗಳುತ್ತ ಇನ್ನೊಬ್ಬನ ಸಾಲವನ್ನು ಬೆಳೆಸುವ ಹಕ್ಕು ಯಾವ ಚಿಂತಕನಿಗೂ ಇಲ್ಲ. ಆದರೆ ಆ ದಿನ ಬಂದಾಗ ನಂಜನಗೂಡಿನ ತೋಟಗಳನ್ನು ನೆನಪಿಟ್ಟುಕೊಂಡಿರಬೇಕು. ಕೂಡುವಿಕೆಯ ಫಲವನ್ನು ನಿಲ್ಲಿಸಿಕೊಂಡು, ಕೂಡಿಸುವುದನ್ನೇ ನಿಲ್ಲಿಸಿದರೆ ಉಳಿಯುವುದು ಒಂದೇ ಗಿಡದ ಲಕ್ಷ ಪ್ರತಿಗಳು.

ಸಂಕರ ಉಳಿಯುವುದಿಲ್ಲ, ಅದನ್ನು ಮತ್ತೆ ಮಾಡುವ ಸಾಧ್ಯತೆ ಉಳಿಯಬಲ್ಲದು. ಅದು ಇರುವುದು ಪೋಷಕ ತಳಿಗಳಲ್ಲಿ. ವರಲಕ್ಷ್ಮಿಯನ್ನು ನಾಳೆ ಬೇಕೆಂದರೆ ಮತ್ತೆ ಹುಟ್ಟಿಸಬಹುದು, ಲಕ್ಷ್ಮಿಯೂ ಎಸ್‌ಬಿ 289-ಇಯೂ ಬೇರೆ ಬೇರೆಯಾಗಿ ಬದುಕಿದ್ದರೆ. ಆ ಬದುಕೂ ತಾನಾಗಿ ಸಾಗುವುದಲ್ಲ. ಜೇನು, ದುಂಬಿ ಪರಾಗ ತಂದು ಬೆರೆಸದಂತೆ ತಳಿ ಸಂಗೋಪಕರು ಅರಳುವ ಹಿಂದಿನ ದಿನ ಮೊಗ್ಗಿನ ತುದಿಗೆ ದಾರ ಕಟ್ಟುತ್ತಾರೆ. ಹೂವು ಅರಳದೆ ತನ್ನೊಳಗೇ ಕಾಯಿ ಕಟ್ಟುತ್ತದೆ. ಸೀಡ್ಸ್ ಪ್ಲಾಟಿನಲ್ಲಿ ಮೊಗ್ಗು ಸುಲಿಯುವ ಬೆರಳು, ತಳಿ ಕಾಯುವ ಹೊಲದಲ್ಲಿ ಮೊಗ್ಗು ಕಟ್ಟುವ ಬೆರಳು, ಎರಡೂ ಒಂದೇ ಕೆಲಸದ ಎರಡು ಕಡೆ. ದಿಲ್ಲಿಯ ರಾಷ್ಟ್ರೀಯ ಸಸ್ಯ ತಳಿಸಂಪನ್ಮೂಲ ಬ್ಯೂರೋದ ಶೀತಕೋಣೆಗಳಲ್ಲಿ ಮೈನಸ್ 18 ಡಿಗ್ರಿಯ ಚಳಿಯಲ್ಲಿ ಬೀಜಗಳು ದಶಕಗಳ ಕಾಲ ಜೀವ ಹಿಡಿದಿರುತ್ತವೆ. ಅಲ್ಲಿಯೂ ಮೊಳೆಯುವ ಶಕ್ತಿ ಇಳಿಯುತ್ತದೆ. ಇಳಿದಾಗ ತೆಗೆದು, ಬಿತ್ತಿ, ದಾರ ಕಟ್ಟಿ, ಹೊಸ ಕಾಳು ಮಾಡಿ ಮತ್ತೆ ಒಳಗಿಡಬೇಕು.

ಜಯಧರದ ಬಗ್ಗೆ ನನಗೆ ಹೆಚ್ಚು ಕಳವಳ. ಆಗಸ್ಟ್ ಹೊತ್ತಿಗೆ ಬಿತ್ತಿದರೆ ಹಿಂಗಾರಿನ ತೇವದಲ್ಲೇ ಬೇರಿಳಿಸಿ, ಬಿರುಕುಬಿಟ್ಟ ಎರೆಯಲ್ಲೂ ಜಗ್ಗದೆ, ಬೇಸಿಗೆಯ ಬಾಗಿಲಿಗೆ ಕಾಯಿ ಬಿಡುತ್ತಿದ್ದ ಹತ್ತಿ ಅದು. ಅದರ ಎಳೆ ಗಿಡ್ಡ, ಬೆಲೆ ಕಡಿಮೆ. ಬಿಟಿ ಸಂಕರಗಳ ಮುಂದೆ ಅದು ನಿಲ್ಲಲಿಲ್ಲ, ಬೆಳೆದವನು ಬಿಟ್ಟದ್ದನ್ನು ತಪ್ಪೆನ್ನಲೂ ಆಗದು. ಶೀತಕೋಣೆಯಲ್ಲಿ ಅದರ ಕಾಳು ಉಳಿದೀತು. ಆದರೆ ಅಲ್ಲಿ ಬರಗಾಲವಿಲ್ಲ, ಹುಳುವಿಲ್ಲ, ಅದು ಹೊಸದಕ್ಕೆ ಒಗ್ಗಲು ಯಾವ ಕಾರಣವೂ ಇಲ್ಲ. ಅದು ಹೊಲದಲ್ಲೇ ಬದಲಾಗುತ್ತ ಬದುಕಬೇಕು. ಇದಕ್ಕೊಂದು ಅನುಕೂಲವನ್ನು ಆ ಹಳೆಯ ಲೆಕ್ಕವೇ ಮಾಡಿಕೊಟ್ಟಿದೆ. 26 ವರ್ಣತಂತುಗಳ ಜಯಧರಕ್ಕೂ 52ರ ಬಿಟಿ ಹತ್ತಿಗೂ ಹೊಲದಲ್ಲಿ ಕೂಡುವುದಿಲ್ಲ. ಒತ್ತಾಯದಿಂದ ಕೂಡಿಸಿದರೂ ಹುಟ್ಟುವ 39ರ ಗಿಡ ಬಂಜೆ. ಹಾಗಾಗಿ ಬಿಟಿ ಹೊಲದ ಬದುವಿನ ಪಕ್ಕದಲ್ಲೇ ನಾಲ್ಕು ಸಾಲು ಜಯಧರ ಬಿತ್ತಿದರೂ ಅದರ ಕಾಳಿಗೆ ಬೆರಕೆಯ ಭಯವಿಲ್ಲ, ಕಾವಲು ಬೇಕಿಲ್ಲ. ನವಲಗುಂದ, ನರಗುಂದ, ರೋಣ, ಗದಗ ತಾಲ್ಲೂಕುಗಳಲ್ಲಿ ಹಾಗೆ ನಾಲ್ಕು ಸಾಲು ಬಿತ್ತಲು ಒಪ್ಪುವ ರೈತನಿಗೆ ಆ ಸಾಲುಗಳ ಮಟ್ಟಿಗಾಗುವ ನಷ್ಟವನ್ನು ಸರ್ಕಾರ ಪ್ರತಿ ವರ್ಷ ತುಂಬಿಕೊಡಬೇಕು, ಅದರ ಕಾಳನ್ನು ಅವನ ಮನೆಯಲ್ಲೇ ಇಟ್ಟುಕೊಳ್ಳಲು ಬಿಡಬೇಕು.